ಒತ್ತುವರಿ ಆಟ: ಮಲೆನಾಡಿನ ಮಳೆಯಲ್ಲಿ ಗೋ ಕಲಿಕೆ

“ಇದು ಒತ್ತುವರಿ ಆಟ ಅಲ್ವೇನೋ!”

ನನ್ನ ಫೋನಿನೊಳಗೆ ಇಣುಕಿ ದೊಡ್ಡಪ್ಪ ಹೇಳಿದ ಮೊದಲ ಮಾತು ಇದು. ಜುಲೈ ತಿಂಗಳು. ಮೂಡಿಗೆರೆ ಕಡೆಯ ನಮ್ಮ ತೋಟದ ಮನೆ. ಹೊರಗೆ ಮೂರು ದಿನದಿಂದ ಬಿಡದೆ ಹೊಯ್ಯುತ್ತಿದ್ದ ಮಳೆ. ಕಿಟಕಿ ಪಕ್ಕದ ಒಂದೇ ಒಂದು ಜಾಗದಲ್ಲಿ ನೆಟ್‌ವರ್ಕ್ ಸಿಗುತ್ತದೆ, ಅಲ್ಲಿ ಕೂತು ನಾನು ಗೋ ಅನ್ನುವ ಬೋರ್ಡ್ ಆಟ ಆಡುತ್ತಿದ್ದೆ. ಎದುರಾಳಿ ಫಿನ್ಲೆಂಡಿನವನು. ಎರಡು ತಿಂಗಳು ತಲೆ ಕೆಡಿಸಿಕೊಂಡು ನಾನು ಕಂಡುಕೊಂಡದ್ದನ್ನು ದೊಡ್ಡಪ್ಪ ಎರಡು ನಿಮಿಷ ನೋಡಿ ಹೇಳಿಬಿಟ್ಟರು. ಜಾಗ, ಬೇಲಿ, ಗಡಿಕಲ್ಲು, ಸರ್ವೆ ಇದನ್ನೆಲ್ಲ ನಮ್ಮ ಸೀಮೆಯವರಿಗೆ ಬೇರೆಯಾಗಿ ಕಲಿಸಬೇಕಾಗಿಲ್ಲ.

ಗೋ ಹುಟ್ಟಿದ್ದು ಚೀನಾದಲ್ಲಿ, 2500 ವರ್ಷಕ್ಕೂ ಹಿಂದೆ. ಅಲ್ಲಿ ಅದನ್ನು ವೇಚಿ ಅನ್ನುತ್ತಾರೆ. ಕೊರಿಯಾದಲ್ಲಿ ಬಾದುಕ್. ಜಪಾನಿನಲ್ಲಿ ಇಗೊ, ಅಥವಾ ಬರೀ ಗೋ. ವೇಚಿ ಅಂದರೆ ಸುತ್ತುವರಿಯುವ ಆಟ. ದೊಡ್ಡಪ್ಪ ಚೀನೀ ಭಾಷೆ ಕಲಿತವರಲ್ಲ, ಆದರೂ ಅನುವಾದ ಚೆನ್ನಾಗಿಯೇ ಮಾಡಿದ್ದರು.

ಈ ಆಟದ ಹೆಸರು ಕೇಳಿದವರು ಮೊದಲೇ ಹೆದರಿರುತ್ತಾರೆ. ಚೆಸ್‌ಗಿಂತ ಕಷ್ಟವಂತೆ, ಜೀವಮಾನ ಸಾಲದಂತೆ ಅಂತ. ನಿಯಮದ ಮಟ್ಟಿಗೆ ಇದು ಚೆಸ್‌ಗಿಂತ ಸುಲಭ. ಕುದುರೆ ಹೀಗೆ ಹಾರಬೇಕು, ಒಂಟೆ ಓರೆಯಾಗಿ ಹೋಗಬೇಕು, ಅಂಥದ್ದೇನೂ ಇಲ್ಲ. ಎಲ್ಲ ಕಾಯಿಯೂ ಒಂದೇ. ಇಟ್ಟ ಕಾಯಿ ಅಲ್ಲಾಡುವುದೇ ಇಲ್ಲ. ಕಷ್ಟ ಇರುವುದು ಬೇರೆ ಕಡೆ. ಆಟ ಅಂದರೆ ಎದುರಿನವರ ಕಾಯಿ ಹೊಡೆಯುವುದು ಅಂತ ಚಿಕ್ಕಂದಿನಿಂದ ನಮ್ಮ ಕೈಗೆ ರೂಢಿಯಾಗಿಬಿಟ್ಟಿದೆ. ಚೌಕಾಬಾರದಲ್ಲೂ ಹೊಡಿ, ಕೇರಂನಲ್ಲೂ ಹೊಡಿ, ಚೆಸ್‌ನಲ್ಲೂ ಹೊಡಿ. ಗೋದಲ್ಲೂ ಹೊಡೆಯಬಹುದು. ಆದರೆ ಹೊಡೆಯುವುದರ ಮೇಲೇ ಕಣ್ಣಿಟ್ಟು ಕೂತರೆ, ತಲೆ ಎತ್ತುವಷ್ಟರಲ್ಲಿ ಅರ್ಧ ಊರಿಗೆ ಅವನು ಬೇಲಿ ಹಾಕಿ ಮುಗಿಸಿರುತ್ತಾನೆ.

ನಮ್ಮಲ್ಲಿ ಇದಕ್ಕೆ ಹತ್ತಿರದ ಆಟ ಚೆಸ್ ಅಲ್ಲ, ಆಡು ಹುಲಿ. ನಮ್ಮೂರ ದೇವಸ್ಥಾನದ ಜಗಲಿಕಲ್ಲಿನ ಮೇಲೆ ಅದರ ಮನೆ ಕೊರೆದದ್ದು ಈಗಲೂ ಇದೆ. ಮೂರು ಹುಲಿ, ಹದಿನೈದು ಆಡು. ಕಾಯಿ ಇಡುವುದು ಗೆರೆ ಗೆರೆ ಕೂಡುವ ಜಾಗದಲ್ಲಿ. ಹುಲಿ ಹಾರಿ ಆಡನ್ನು ತಿನ್ನುತ್ತದೆ. ಆಡಿಗೆ ತಿನ್ನುವ ಬಾಯಿಲ್ಲ. ಅವು ಒಂದೊಂದಾಗಿ ಬಂದು, ಸುತ್ತ ನಿಂತು, ಹುಲಿಗೆ ಅಲ್ಲಾಡಲು ಜಾಗವಿಲ್ಲದಂತೆ ಕಟ್ಟಿಹಾಕುತ್ತವೆ. ಗೋ ಅಂದರೆ ಎರಡೂ ಕಡೆ ಬರೀ ಆಡುಗಳೇ ಇರುವ ಆಡು ಹುಲಿ ಅಂದುಕೊಳ್ಳಿ. ಇಲ್ಲೂ ಕಾಯಿ ಗೆರೆ ಕೂಡುವ ಕಡೆಯೇ, ಚೌಕದ ಒಳಗಲ್ಲ. ಇಲ್ಲೂ ಖಾಲಿ ಬೋರ್ಡಿನಿಂದ ಶುರು. ಒಬ್ಬರದು ಕಪ್ಪು, ಇನ್ನೊಬ್ಬರದು ಬಿಳಿ. ಮೊದಲ ನಡೆ ಕಪ್ಪಿನದು. ಆಮೇಲೆ ಒಂದು ಅವರದು, ಒಂದು ನಮ್ಮದು.

ದೊಡ್ಡ ಬೋರ್ಡಿನಲ್ಲಿ ಅಡ್ಡಕ್ಕೆ 19 ಗೆರೆ, ಉದ್ದಕ್ಕೆ 19 ಗೆರೆ. ಒಟ್ಟು 361 ಜಾಗ. ಕಲಿಯುವವರು ಅದರ ತಂಟೆಗೇ ಹೋಗಬೇಡಿ. 9 ಗೆರೆಯ ಚಿಕ್ಕ ಬೋರ್ಡಿದೆ, 81 ಜಾಗ. ಕಾಲು ಗಂಟೆಯಲ್ಲಿ ಆಟ ಮುಗಿಯುತ್ತದೆ. ಸೋತರೂ ಬೇಗ ಸೋಲಬಹುದು.

ಈಗ ಉಸಿರಿನ ವಿಷಯ. ಬೋರ್ಡಿನ ನಡುವೆ ಒಂದು ಕಾಯಿ ಇಟ್ಟರೆ ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕು ಖಾಲಿ ಜಾಗ ಇರುತ್ತದೆ. ಅದೇ ಅದರ ಉಸಿರು. ಓರೆಯಲ್ಲಿರುವುದು ಲೆಕ್ಕಕ್ಕಿಲ್ಲ. ಚೀನೀಯರೂ ಇದಕ್ಕೆ ಉಸಿರು ಅನ್ನುವ ಮಾತನ್ನೇ ಬಳಸುತ್ತಾರೆ. ಬೋರ್ಡಿನ ಅಂಚಿನಲ್ಲಿ ಮೂರೇ ಉಸಿರು, ಮೂಲೆಯಲ್ಲಿ ಎರಡೇ. ಎದುರಾಳಿ ಒಂದೊಂದೇ ಉಸಿರು ಮುಚ್ಚುತ್ತ ಬಂದು ಕೊನೆಯದನ್ನೂ ಮುಚ್ಚಿದರೆ ಕಾಯಿ ಬೋರ್ಡಿನಿಂದ ಆಚೆ. ಅಕ್ಕಪಕ್ಕ ಎರಡು ಕಾಯಿ ಅಂಟಿಕೊಂಡರೆ ಅವು ಒಂದೇ ಜೀವ, ಆರು ಉಸಿರು. ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ. ಒಂದೇ ಉಸಿರು ಉಳಿದ ಸ್ಥಿತಿಗೆ ಜಪಾನೀಯರು ಅಟಾರಿ ಅನ್ನುತ್ತಾರೆ. ಹಳೇ ವಿಡಿಯೋ ಗೇಮ್ ಕಂಪನಿ ಅಟಾರಿಗೆ ಹೆಸರು ಬಂದದ್ದು ಇಲ್ಲಿಂದಲೇ.

ಇಷ್ಟು ಹೇಳಿದರೆ ಯಾರಾದರೂ ಕೇಳುತ್ತಾರೆ: ಹಾಗಾದರೆ ಸುತ್ತುವರಿದದ್ದೆಲ್ಲ ಸತ್ತಂತೆಯೇ? ಅಲ್ಲ. ಇಡೀ ಆಟದ ಜೀವ ಇರುವುದು ಈ ‘ಅಲ್ಲ’ದಲ್ಲಿ, ಸ್ವಲ್ಪ ನಿಧಾನವಾಗಿ ನೋಡೋಣ.

ನಿಮ್ಮ ಕಪ್ಪು ಕಾಯಿಗಳು ಒಂದಕ್ಕೊಂದು ಅಂಟಿ ಬಳೆಯ ಹಾಗೆ ನಿಂತಿವೆ. ನಡುವೆ ಒಂದೇ ಖಾಲಿ ಜಾಗ. ಹೊರಗೆಲ್ಲ ಬಿಳಿಯ ಮುತ್ತಿಗೆ. ನಿಮಗೆ ಉಳಿದ ಕೊನೆಯ ಉಸಿರು ಒಳಗಿನ ಆ ಜಾಗ. ಉಸಿರೇ ಇಲ್ಲದ ಕಡೆ ಯಾರೂ ಕಾಯಿ ಇಡುವ ಹಾಗಿಲ್ಲ, ಅದು ಆತ್ಮಹತ್ಯೆ. ಆದರೆ ಇಟ್ಟ ಕಾಯಿ ಎದುರಿನದನ್ನು ಕೊಲ್ಲುವುದಾದರೆ ಇಡಬಹುದು. ಹಾಗಾಗಿ ಬಿಳಿ ಬಂದು ಒಳಗೆ ಕೂರುತ್ತದೆ, ನಿಮ್ಮ ಬಳೆ ಪೂರ್ತಿ ಹೋಗುತ್ತದೆ.

ಈಗ ಅದೇ ಗುಂಪಿನ ಒಳಗೆ ಎರಡು ಖಾಲಿ ಜಾಗ ಇವೆ ಅಂದುಕೊಳ್ಳಿ. ಅವು ಒಂದಕ್ಕೊಂದು ತಾಗಿಲ್ಲ, ನಡುವೆ ನಿಮ್ಮದೇ ಕಾಯಿ ಗೋಡೆಯಾಗಿ ನಿಂತಿದೆ. ಬಿಳಿ ಒಂದರಲ್ಲಿ ಕೂರಲು ನೋಡಿದರೆ ನಿಮಗೆ ಇನ್ನೊಂದು ಉಸಿರು ಇದ್ದೇ ಇದೆ, ನೀವು ಸಾಯುವುದಿಲ್ಲ. ಸಾಯುವುದು ಕೂರಲು ಬಂದ ಬಿಳಿ. ಹಾಗಾಗಿ ಅದು ಅಲ್ಲಿ ಇಡುವಂತೆಯೇ ಇಲ್ಲ. ಇನ್ನೊಂದರಲ್ಲೂ ಇದೇ ಕತೆ. ಎರಡನ್ನೂ ಒಂದೇ ಸಲ ಮುಚ್ಚಿದರೆ ಮಾತ್ರ ಕೊಲ್ಲಬಹುದು, ಆದರೆ ಒಂದು ಸಲಕ್ಕೆ ಒಂದೇ ಕಾಯಿ. ಸುತ್ತ ಎಷ್ಟೇ ಮುತ್ತಿಗೆ ಇರಲಿ, ಆ ಗುಂಪು ಆಟ ಮುಗಿಯುವ ತನಕ ಬದುಕಿರುತ್ತದೆ. ಈ ಎರಡು ಜಾಗಗಳಿಗೆ ಕಣ್ಣು ಅನ್ನುತ್ತಾರೆ. ಎರಡು ಕಣ್ಣಿದ್ದರೆ ಜೀವ, ಒಂದೇ ಕಣ್ಣಿದ್ದರೆ ಇವತ್ತಲ್ಲ ನಾಳೆ ಸಾವು.

ಎರಡು ಕಣ್ಣಿನ ನಿಯಮ ಅಂತ ಯಾರೂ ಬರೆದಿಟ್ಟಿಲ್ಲ ನೋಡಿ. ಉಸಿರಿನ ನಿಯಮದಿಂದ ತಾನಾಗಿ ಹುಟ್ಟಿದ್ದು ಅದು. ನನಗೆ ಈ ಆಟದ ಹುಚ್ಚು ಹಿಡಿದದ್ದು ಇಲ್ಲಿ. ಶುರುವಿನಲ್ಲಿ ನಾನು ಮಾಡಿದ ದೊಡ್ಡ ಪೆದ್ದತನವೂ ಇಲ್ಲೇ. ಗುಂಪು ಗಟ್ಟಿಯಾಗಲಿ ಅಂತ ನನ್ನದೇ ಒಂದು ಕಣ್ಣಿನಲ್ಲಿ ನಾನೇ ಕಾಯಿ ತುಂಬಿದೆ. ಹತ್ತು ಕಾಯಿ ಒಂದೇ ಏಟಿಗೆ ಮಾಯವಾದವು.

ಇನ್ನು ಬೇಲಿ. ಆಟ ಗೆಲ್ಲುವುದು ಜಾಗದ ಲೆಕ್ಕದಲ್ಲಿ. ಹಾಗಾದರೆ ಎಲ್ಲಿಂದ ಹಿಡಿಯಬೇಕು? ಮೂರಕ್ಕೆ ಮೂರು, ಅಂದರೆ ಒಂಬತ್ತು ಜಾಗದ ತುಂಡೊಂದಕ್ಕೆ ಬೇಲಿ ಹಾಕೋಣ. ಬೋರ್ಡಿನ ನಡುವೆ ಹಾಕಿದರೆ ನಾಲ್ಕೂ ಕಡೆ ಮೂರು ಮೂರು, 12 ಕಾಯಿ ಬೇಕು. ಅಂಚಿನಲ್ಲಿ 9 ಸಾಕು. ಮೂಲೆಯಲ್ಲಿ 6. ಒಂದು ಕಡೆ ಹಳ್ಳ, ಇನ್ನೊಂದು ಕಡೆ ರಸ್ತೆ ಇರುವ ಜಮೀನಿಗೆ ಬೇಲಿ ಖರ್ಚು ಅರ್ಧ, ಅಲ್ವಾ? ಅದಕ್ಕೇ ಗೋ ಆಡುವವರು ಮೊದಲು ಮೂಲೆ, ಆಮೇಲೆ ಅಂಚು, ಕೊನೆಗೆ ನಡು ಹಿಡಿಯುತ್ತಾರೆ. ಚೆಸ್‌ನಲ್ಲಿ ನಡುವನ್ನು ಹಿಡಿ ಅಂತ ಹೇಳಿಕೊಟ್ಟಿರುತ್ತಾರೆ. ಅಲ್ಲಿಂದ ಬಂದವರು ಇಲ್ಲಿ ಮೊದಲ ವಾರ ಎಡವುವುದು ಇದೇ ಜಾಗದಲ್ಲಿ.

ಮೂಲೆ ಅಂದ ಮಾತ್ರಕ್ಕೆ ತುತ್ತತುದಿಗೆ ಹೋಗಿ ಕೂರಬೇಡಿ. ಅಂಚಿನಿಂದ ಮೂರನೆಯ ಅಥವಾ ನಾಲ್ಕನೆಯ ಗೆರೆ ಹಿತ. ಮೂರನೆಯದರಲ್ಲಿ ಜಾಗ ಬೇಗ ಗಟ್ಟಿಯಾಗುತ್ತದೆ. ನಾಲ್ಕನೆಯದು ನಡುವಿನ ಕಡೆಗೆ ಮುಖ ಮಾಡಿ ನಿಲ್ಲುತ್ತದೆ.

ಏಣಿಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ನಿಮ್ಮ ಒಂಟಿ ಕಾಯಿ ಅಟಾರಿಯಲ್ಲಿದೆ. ಉಳಿಸಿಕೊಳ್ಳಲು ಪಕ್ಕಕ್ಕೆ ಇನ್ನೊಂದು ಅಂಟಿಸುತ್ತೀರಿ, ಉಸಿರು ಎರಡಾಗುತ್ತದೆ. ಅವನು ಒಂದನ್ನು ಮುಚ್ಚುತ್ತಾನೆ, ಮತ್ತೆ ಅಟಾರಿ. ನೀವು ಈ ಸಲ ಕೆಳಕ್ಕೆ ಓಡುತ್ತೀರಿ. ಮತ್ತೆ ಮುಚ್ಚುತ್ತಾನೆ. ಪಕ್ಕಕ್ಕೆ, ಕೆಳಕ್ಕೆ, ಪಕ್ಕಕ್ಕೆ, ಕೆಳಕ್ಕೆ. ಬೋರ್ಡಿನ ಮೇಲೆ ಓರೆಯಾಗಿ ಮೆಟ್ಟಿಲು ಬೀಳುತ್ತ ಹೋಗುತ್ತದೆ. ಓಡುವವನಿಗೆ ಪ್ರತಿ ಸಲವೂ ಬಚಾವಾದೆ ಅನ್ನಿಸುತ್ತದೆ, ಅದೇ ಮೋಸ. ಅಂಚು ಮುಟ್ಟಿದ ಕೂಡಲೇ ಓಡಲು ಜಾಗವಿಲ್ಲ, ಕಟ್ಟಿದ ಸಾಲು ಪೂರ್ತಿ ಹೋಗುತ್ತದೆ. ನಾನು ಒಂದು ರಾತ್ರಿ 19 ಗೆರೆಯ ಬೋರ್ಡಿನಲ್ಲಿ ಈ ತುದಿಯಿಂದ ಆ ತುದಿಯ ತನಕ ಓಡಿದೆ. ಇಪ್ಪತ್ತಕ್ಕೂ ಜಾಸ್ತಿ ಕಾಯಿ ಒಂದೇ ಸಲಕ್ಕೆ ಮಾಯ. ಎದುರಾಳಿ ‘ಕ್ಷಮಿಸಿ’ ಅಂತ ಬರೆದ, ಪಾಪ.

ಆದರೆ ಓಡುವ ದಾರಿಯಲ್ಲಿ ಮುಂದೆಲ್ಲೋ ನಿಮ್ಮದೇ ಒಂದು ಕಾಯಿ ಮೊದಲೇ ಕೂತಿದ್ದರೆ? ಏಣಿ ಅಲ್ಲಿಗೆ ಮುರಿಯಿತು. ಓಡಿದವನು ಗೆಳೆಯನ ಕೈ ಹಿಡಿದು ಬದುಕುತ್ತಾನೆ, ಅಟ್ಟಿಸಿಕೊಂಡು ಬಂದವನ ಕಾಯಿಗಳೆಲ್ಲ ಹರಿದು ಹಂಚಿಹೋಗಿರುತ್ತವೆ. ಒಂದು ಮೂಲೆಯ ಜಗಳ ತೀರ್ಮಾನವಾಗುವುದು ಎದುರು ಮೂಲೆಯಲ್ಲಿ ಅರ್ಧ ಗಂಟೆ ಹಿಂದೆ ಇಟ್ಟ ಕಾಯಿಯಿಂದ. ಏಣಿ ಗೊತ್ತಿಲ್ಲದವನು ಗೋ ಆಡಬಾರದು ಅಂತ ಗೋ ಆಡುವವರಲ್ಲಿ ಒಂದು ಗಾದೆಯೇ ಇದೆ.

ಇನ್ನೊಂದು ನಿಯಮ ಕೋ. ನಾನು ನಿಮ್ಮ ಒಂದು ಕಾಯಿ ಹಿಡಿದೆ. ಹಿಡಿದ ನನ್ನ ಕಾಯಿಯನ್ನು ನೀವು ಅದೇ ಜಾಗಕ್ಕೆ ಬಂದು ಹಿಡಿಯಬಹುದು. ಮತ್ತೆ ನಾನು, ಮತ್ತೆ ನೀವು. ರಾತ್ರಿ ಒಬ್ಬ ಗಡಿಕಲ್ಲು ಕೀಳುವುದು, ಬೆಳಿಗ್ಗೆ ಇನ್ನೊಬ್ಬ ನೆಡುವುದು, ಹಾಗೆ. ಇದಕ್ಕೆ ಕೊನೆಯಿಲ್ಲವಲ್ಲ. ಅದಕ್ಕೆ ಕೂಡಲೇ ಹಿಡಿಯುವಂತಿಲ್ಲ, ಬೇರೆ ಎಲ್ಲಾದರೂ ಒಂದು ನಡೆ ಆಡಿ ಬಂದು ಆಮೇಲೆ ಹಿಡಿಯಬೇಕು ಅಂತ ನಿಯಮ. ತಮಾಷೆ ಅಂದರೆ ಕೋ ಅನ್ನುವ ಈ ಜಪಾನಿ ಮಾತಿನ ಮೂಲ ನಮ್ಮ ‘ಕಲ್ಪ’. ಯುಗ, ಮನ್ವಂತರ, ಕಲ್ಪ ಅನ್ನುತ್ತೇವಲ್ಲ, ಅದೇ. ಬೌದ್ಧರ ಜೊತೆ ಚೀನಾಕ್ಕೆ ಹೋಗಿ, ಮುಗಿಯದ ಜಗಳಕ್ಕೆ ಹೆಸರಾಯಿತು.

ಆಟ ಮುಗಿಯುವುದು ಹೇಗೆ? ಇನ್ನು ಆಡಿ ಉಪಯೋಗವಿಲ್ಲ ಅನ್ನಿಸಿದವರು ಪಾಸ್ ಅನ್ನುತ್ತಾರೆ. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಪಾಸ್ ಅಂದರೆ ಮುಗಿಯಿತು, ಆಮೇಲೆ ಎಣಿಕೆ. ನನ್ನ ಮೊದಲ ಸೋಲುಗಳಲ್ಲಿ ಒಂದರ ಲೆಕ್ಕ ಕೊಡುತ್ತೇನೆ. 9 ಗೆರೆಯ ಬೋರ್ಡು, ನನ್ನದು ಕಪ್ಪು. ನಾನು ಅವನ 6 ಕಾಯಿ ಹಿಡಿದಿದ್ದೆ, ಅವನು ನನ್ನವು ಹಿಡಿದದ್ದು ಬರೀ 2. ಗೆದ್ದೆ ಅಂತಲೇ ಪಾಸ್ ಒತ್ತಿದೆ. ಕಂಪ್ಯೂಟರ್ ಜಾಗಕ್ಕೆ ಬಣ್ಣ ಬಳಿದು ತೋರಿಸಿತು. ನನ್ನ ಬೇಲಿಯೊಳಗೆ 12 ಜಾಗ, ಅವನ ಬೇಲಿಯೊಳಗೆ 30. ಜಪಾನಿ ಲೆಕ್ಕದಲ್ಲಿ ಜಾಗಕ್ಕೆ ಹಿಡಿದ ಕಾಯಿ ಕೂಡಿಸಬೇಕು. ನನಗೆ 18, ಅವನಿಗೆ 32. ಮೊದಲ ನಡೆಯ ಲಾಭ ಕಪ್ಪಿಗೆ ಸಿಕ್ಕಿರುತ್ತದಲ್ಲ, ಅದಕ್ಕೆ ಬಿಳಿಗೆ ಕೋಮಿ ಅಂತ ಪರಿಹಾರ ಕೊಡುತ್ತಾರೆ. ಆ ಆಟದಲ್ಲಿ ಐದೂವರೆ ಇತ್ತು. ಅರ್ಧ ಯಾಕೆಂದರೆ ಆಟ ಸಮ ಆಗದಿರಲಿ ಅಂತ. ಹತ್ತೊಂಬತ್ತೂವರೆಯಿಂದ ಸೋತೆ.

ಚೀನೀ ಲೆಕ್ಕ ಬೇರೆ. ಅಲ್ಲಿ ಹಿಡಿದ ಕಾಯಿ ಎಣಿಸುವುದಿಲ್ಲ. ಬೋರ್ಡಿನ ಮೇಲೆ ಬದುಕಿರುವ ಕಾಯಿ, ಜೊತೆಗೆ ಬೇಲಿಯೊಳಗಿನ ಜಾಗ. ಅದೇ ಆಟದಲ್ಲಿ ನನ್ನವು 22 ಕಾಯಿ, ಅವನವು 17. ಅಂದರೆ 34ಕ್ಕೆ 47, ಮೇಲೆ ಕೋಮಿ. ಅಲ್ಲೂ ಸೋಲೇ, ಹದಿನೆಂಟೂವರೆಯಿಂದ. ಎರಡು ಲೆಕ್ಕಕ್ಕೂ ವ್ಯತ್ಯಾಸ ಸಾಮಾನ್ಯವಾಗಿ ಹೀಗೆ ಒಂದರ ಆಸುಪಾಸು. ಹೊಸಬರಿಗೆ ನಾನು ಹೇಳುವುದು ಚೀನೀ ಲೆಕ್ಕ. ಜಪಾನಿ ಲೆಕ್ಕದಲ್ಲಿ ನಿಮ್ಮ ಜಾಗದೊಳಗೆ ನೀವೇ ಸುಮ್ನೆ ಕಾಯಿ ಇಟ್ಟರೆ ಒಂದು ಅಂಕ ಹೋಗುತ್ತದೆ. ಚೀನೀ ಲೆಕ್ಕದಲ್ಲಿ ಹೋಗುವುದಿಲ್ಲ. ಈ ಕಾಯಿ ಸತ್ತಿದೆಯೋ ಬದುಕಿದೆಯೋ ಅಂತ ಅನುಮಾನ ಬಂದರೆ ಧೈರ್ಯವಾಗಿ ಆಡಿಯೇ ನೋಡಬಹುದು.

ಆ 22 ಮತ್ತು 17 ಇದೆಯಲ್ಲ, ನನ್ನ ತಲೆಯಲ್ಲಿ ಅದು ಕೂತುಬಿಟ್ಟಿತು. ಬೋರ್ಡಿನ ಮೇಲೆ ನನ್ನ ಕಾಯಿಯೇ ಜಾಸ್ತಿ, ಜಾಗ ಮಾತ್ರ ಅವನದು. ನಾನು ಆರು ಕಾಯಿಯ ಹಿಂದೆ ಓಡಾಡಿದ್ದೆ. ಅವನು ಆರು ಕಾಯಿ ನನಗೆ ಎಸೆದು ಎರಡು ಮೂಲೆ ಬರೆಸಿಕೊಂಡಿದ್ದ.

ಇದನ್ನು ಆಡುವುದು ಯಾರ ಜೊತೆ? ನನ್ನ ಪರಿಚಯದಲ್ಲಿ ಚಿಕ್ಕಮಗಳೂರು, ಹಾಸನದಲ್ಲಿ ಗೋ ಆಡುವವರು ಒಬ್ಬರೂ ಇರಲಿಲ್ಲ. ಹಾಗಾಗಿ ಆನ್‌ಲೈನೇ ಗತಿ. ಇಂಟರ್ನೆಟ್‌ನಲ್ಲಿ ಗೋ ಆಡಿಸುವುದು ಹೊಸದೇನಲ್ಲ, 1992ರಿಂದಲೇ ಇದೆ. ನಾನು ಆಡುವುದು ಒಜಿಎಸ್ ಅಂತ ಕರೆಯುವ ಆನ್‌ಲೈನ್ ಗೋ ಸರ್ವರ್‌ನಲ್ಲಿ. ಯಾವ ಆ್ಯಪೂ ಬೇಡ, ಬ್ರೌಸರ್ ಸಾಕು. ದುಡ್ಡು ಕೊಡಬೇಕಾಗಿಲ್ಲ. ನಿಯಮ ಕಲಿಸುವ ಪಾಠವೂ ಅಲ್ಲೇ ಇದೆ. ಟೆನ್ಸೆಂಟ್ ಕಂಪನಿಯ ಫಾಕ್ಸ್ ಅನ್ನುವ ಸರ್ವರ್‌ನಲ್ಲಿ ಚೀನೀ ಆಟಗಾರರು ಜಾಸ್ತಿ, ಟೈಜೆಮ್ ಕೊರಿಯಾದ್ದು. ಜೋರಾಗಿ ಆಡುವವರಿಗೆ ಅವು. ನಮ್ಮಂಥವರು ಅಲ್ಲಿಗೆ ಆಮೇಲೆ ಹೋದರೆ ಸಾಕು.

ಒಜಿಎಸ್‌ನಲ್ಲಿ ನನಗೆ ಹಿಡಿಸಿದ್ದು ಕಾಗದ ಬರೆದಂತೆ ಆಡುವ ಪದ್ಧತಿ. ನೀವು ಒಂದು ನಡೆ ಆಡಿ ಎದ್ದು ಹೋಗಬಹುದು. ಉತ್ತರ ಕೊಡಲು ಎದುರಾಳಿಗೆ ಗಂಟೆಗಳಲ್ಲ, ದಿನಗಳಿವೆ. ಮಲೆನಾಡಿನ ಮಳೆಗಾಲಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಮರ ಬಿದ್ದು ಲೈನ್ ಹೋದರೂ ಆಟ ಹೋಗುವುದಿಲ್ಲ. ಜಾಸ್ತಿ ದಿನ ಕಷ್ಟ ಅಂತ ಮೊದಲೇ ಅನ್ನಿಸಿದರೆ ರಜೆ ಹಾಕಿ ಗಡಿಯಾರ ನಿಲ್ಲಿಸುವ ಸೌಲಭ್ಯವೂ ಇದೆ. ಬೆಳಿಗ್ಗೆ ತೋಟಕ್ಕೆ ಹೋಗುವ ಮುಂಚೆ ಒಂದು ನಡೆ, ರಾತ್ರಿ ಊಟದ ಮೇಲೆ ಒಂದು ನಡೆ. ಕೂತಲ್ಲೇ ಮುಗಿಸುವ ಆಟಕ್ಕೆ ಬ್ಯೋಯೋಮಿ ಅನ್ನುವ ಗಡಿಯಾರ ಬರುತ್ತದೆ. ಮುಖ್ಯ ಸಮಯ ಮುಗಿದ ಮೇಲೆ, ಉದಾಹರಣೆಗೆ 30 ಸೆಕೆಂಡಿನ ಐದು ಕಂತು. ಕಂತಿನೊಳಗೆ ಆಡಿದರೆ ಆ ಕಂತು ಮತ್ತೆ ಪೂರ್ತಿ ಸಿಗುತ್ತದೆ. ಮೀರಿದರೆ ಒಂದು ಕಂತು ಕಳೆಯಿತು.

ಆಟಗಾರರ ಮಟ್ಟಕ್ಕೆ ಕ್ಯೂ, ಡಾನ್ ಅಂತ ಲೆಕ್ಕ. ಕಲಿಯುವವರು ಸಾಮಾನ್ಯವಾಗಿ 30 ಕ್ಯೂ. ಆಡ್ತಾ ಆಡ್ತಾ ಸಂಖ್ಯೆ ಇಳಿಯುತ್ತ ಒಂದಕ್ಕೆ ಬರುತ್ತದೆ, ಆಮೇಲೆ 1 ಡಾನ್‌ನಿಂದ ಮೇಲಕ್ಕೆ ಏರುತ್ತದೆ. ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. 10 ಕ್ಯೂ ಆಟಗಾರ 6 ಕ್ಯೂ ಆಟಗಾರನ ಜೊತೆ ಕೂತರೆ, ನಾಲ್ಕು ಕಾಯಿ ಮೊದಲೇ ಇಟ್ಟುಕೊಂಡು ಶುರು ಮಾಡಬಹುದು. ಇಬ್ಬರಿಗೂ ಗೆಲ್ಲುವ ಅವಕಾಶ ಹತ್ತಿರ ಹತ್ತಿರ ಸಮ. ಚೆಸ್‌ನಲ್ಲಿ ಆನೆ ತೆಗೆದಿಟ್ಟು ಆಡಿದರೆ ಆಟದ ರೂಪವೇ ಕೆಡುತ್ತದೆ. ಇಲ್ಲಿ ಕೆಡುವುದಿಲ್ಲ.

ಮೊದಲ ನೂರು ಆಟ ಬೇಗ ಸೋತುಬಿಡು ಅಂತ ಇನ್ನೊಂದು ಗಾದೆ ಇದೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸುಮ್ನೆ ಸೋಲುತ್ತ ಹೋದರೆ ಸೋಲುವುದೇ ರೂಢಿಯಾಗುತ್ತದೆ. ಸೋತ ಆಟವನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ, ಆಟ ಕೈತಪ್ಪಿದ ಒಂದೇ ಒಂದು ನಡೆ ಹುಡುಕಿ. ಯಾವ ನಡೆಯಲ್ಲಿ ಯಾರು ಮುಂದಿದ್ದರು ಅಂತ ಆಟದ ಕೆಳಗೆ ಕಂಪ್ಯೂಟರ್ ಒಂದು ಗೆರೆ ಎಳೆದು ತೋರಿಸುತ್ತದೆ, ಅದು ಧಡಕ್ಕನೆ ಬಿದ್ದ ಜಾಗ ಸಾಕು. ಕಣ್ಣು ಮಾಡುವ, ಕಣ್ಣು ಕೆಡಿಸುವ ಚಿಕ್ಕ ಒಗಟುಗಳು ಬೇಕಾದಷ್ಟು ಸಿಗುತ್ತವೆ. ದಿನಕ್ಕೆ ಐದು ಬಿಡಿಸಿ. ಆಟ ನಡೆಯುವಾಗ ಮಾತ್ರ ಕಂಪ್ಯೂಟರನ್ನು ಕೇಳಬೇಡಿ, ಅದು ಮೋಸ.

ಕಂಪ್ಯೂಟರ್ ಹೀಗೆ ಗುರುವಾದದ್ದು ಈಚೆಗೆ. ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ 1997ರಲ್ಲೇ ಡೀಪ್ ಬ್ಲೂ ಅನ್ನುವ ಕಂಪ್ಯೂಟರ್ ಎದುರು ಸೋತಿದ್ದರು. ಗೋದಲ್ಲಿ ಅದಾಗಲು 2016 ಬರಬೇಕಾಯಿತು. ಚೆಸ್‌ನಲ್ಲಿ ಮೊದಲ ನಡೆಗೆ 20 ದಾರಿ, ಇಲ್ಲಿ 361. ದೊಡ್ಡ ಬೋರ್ಡಿನಲ್ಲಿ ನಿಯಮಕ್ಕೆ ಒಪ್ಪುವ ಸ್ಥಿತಿಗಳು ಎಷ್ಟು ಅಂತ ಜಾನ್ ಟ್ರಾಂಪ್ ಅನ್ನುವವರು ಅದೇ 2016ರಲ್ಲಿ ಎಣಿಸಿ ಮುಗಿಸಿದರು. ಉತ್ತರ 171 ಅಂಕಿಯ ಒಂದು ಸಂಖ್ಯೆ. ಎಲ್ಲ ದಾರಿಯನ್ನೂ ನಡೆದು ನೋಡಲು ಯಾವ ಯಂತ್ರಕ್ಕೂ ಆಗುವುದಿಲ್ಲ. ಗೂಗಲ್‌ನ ಡೀಪ್‌ಮೈಂಡ್ ಮಾಡಿದ ಆಲ್ಫಾಗೋ ಸಾವಿರಾರು ಆಟ ನೋಡಿ, ತನ್ನ ಜೊತೆ ತಾನೇ ಆಡಿ, ಯಾವ ದಾರಿ ನೋಡುವಂಥದ್ದು ಅಂತ ಕಲಿಯಿತು. ಆ ವರ್ಷದ ಮಾರ್ಚ್‌ನಲ್ಲಿ ಕೊರಿಯಾದ ಸೋಲ್ ನಗರದಲ್ಲಿ, ಅಲ್ಲಿನ ಗೋ ದಿಗ್ಗಜ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿತು. ಎರಡನೆಯ ಆಟದಲ್ಲಿ ಆಲ್ಫಾಗೋದ 37ನೆಯ ನಡೆ ಐದನೆಯ ಗೆರೆಯ ಮೇಲೆ ಬಿತ್ತು. ಮೂರು, ನಾಲ್ಕು ಅಂತ ಮೇಲೆ ಹೇಳಿದೆನಲ್ಲ, ಅಂಥ ಹೊತ್ತಿನಲ್ಲಿ ಮನುಷ್ಯರು ಆಡುವ ಜಾಗ ಅದಲ್ಲ. ನಾಲ್ಕನೆಯ ಆಟದ 78ನೆಯ ನಡೆಯಲ್ಲಿ ಲೀ ತಿರುಗೇಟು ಕೊಟ್ಟು ಆ ಒಂದು ಆಟ ಗೆದ್ದರು. ಈಗ ಕಾಟಾಗೋ ಅಂತ ಉಚಿತ ಪ್ರೋಗ್ರಾಂ ಇದೆ, ಮನೆಯ ಕಂಪ್ಯೂಟರಿನಲ್ಲೇ ಓಡುತ್ತದೆ. ನನ್ನ ಆಟ ನೋಡಿ ಅದು ಹೇಳುವುದು ಹೆಚ್ಚು ಕಡಿಮೆ ಒಂದೇ: ಇಲ್ಲಿ ಜಗಳ ಬಿಡು, ಆ ಖಾಲಿ ಮೂಲೆಗೆ ಹೋಗು.

ಆ ಮಳೆಯಲ್ಲಿ ಐದನೆಯ ದಿನ ನೆಟ್‌ವರ್ಕೂ ಹೋಯಿತು. ಫಿನ್ಲೆಂಡಿನವನಿಗೆ ಉತ್ತರ ಕೊಡಲು ಇನ್ನೂ ಎರಡು ದಿನ ಬಾಕಿ ಇತ್ತು. ಜಗಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂಬತ್ತು ಗೆರೆ ಎಳೆದೆ. ಮನೆಗೆ ಅಂತ ಉಳಿಸಿದ್ದ ಚೀಲದಿಂದ ಒಣಗಿದ ಕಾಫಿ ಚೆರ್ರಿ ತಂದೆ, ಅದು ಕಪ್ಪು. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ ಬೀಜ, ಬಿಳಿ. ಕಪ್ಪು ದೊಡ್ಡಪ್ಪನದು, ಮೊದಲೇ ನಾಲ್ಕು ಕಾಯಿ ಇಟ್ಟುಕೊಳ್ಳಿ ಅಂದೆ. ಪಾರ್ಚ್‌ಮೆಂಟಿಗೆ ಒಂದು ಕಡೆ ಚಪ್ಪಟೆ, ಇಟ್ಟಲ್ಲಿ ಕೂರುತ್ತದೆ. ಚೆರ್ರಿ ಗುಂಡಗೆ. ಹತ್ತನೆಯ ನಡೆಯ ಹೊತ್ತಿಗೆ ದೊಡ್ಡಪ್ಪನ ಒಂದು ಕಾಯಿ ಮೆಲ್ಲಗೆ ಉರುಳಿ ನನ್ನ ಬೇಲಿಯೊಳಗೆ ಬಂದು ನಿಂತಿತು. ವಾಪಸ್ ಇಡಲು ಕೈ ಚಾಚಿದೆ.

“ಇಟ್ಟ ಕಾಯಿ ಅಲ್ಲಾಡಿಸಬಾರದು ಅಂತ ನೀನೇ ಹೇಳಿದ್ದಲ್ವೇನೋ? ಅಲ್ಲೇ ಇರಲಿ ಬಿಡು ಮಾರಾಯ” ಅಂದರು.